ಗೂಬೆಯನ್ನು ಮುಚ್ಚಿದ ಇಪ್ಪತ್ತೆರಡು ಮಿಲಿಮೀಟರ್

ಹೋದ ವರ್ಷ, ದೀಪಾವಳಿ ಕಳೆದ ಎರಡನೇ ವಾರ. ಆಗ ನಾನು ಸಿಂಗಪುರದ ಸೆಂಬವಾಂಗಿನ ಒಂದು ಫ್ರೇಮ್ ಅಂಗಡಿಯಲ್ಲಿ ಹಿರಿಯ ಕೆಲಸಗಾರ್ತಿ. ಹಿರಿಯ ಅಂದರೆ ಹುದ್ದೆಯಲ್ಲಲ್ಲ, ವಯಸ್ಸಿನಲ್ಲಿ, ಅರವತ್ತಾರು ತುಂಬಿತ್ತು. ಅಂಗಡಿ ಎಂದರೂ ಅದು ರಸ್ತೆ ಬದಿಯದಲ್ಲ, ಸಣ್ಣ ಕಾರ್ಖಾನೆಗಳ ಕಟ್ಟಡವೊಂದರ ನಾಲ್ಕನೇ ಮಹಡಿಯ ಉದ್ದನೆಯ ಕೋಣೆ. ಅಲ್ಲಿ ಮೂವತ್ತೊಂಬತ್ತು ವರ್ಷ ಚಿತ್ರಗಳಿಗೆ ಕಟ್ಟು ಹಾಕಿದ್ದೇನೆ. ಅಷ್ಟು ವರ್ಷಗಳಲ್ಲಿ ಕೈತಪ್ಪಿ ಆದ ತಪ್ಪುಗಳು ಬೇಕಾದಷ್ಟಿವೆ, ಬೇಕೆಂದೇ ಮಾಡಿದ ತಪ್ಪು ಒಂದೇ. ಅದನ್ನೇ ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಸುಳ್ಳು. ನಾಲ್ಕು ಸಾಲು ಬರೆದು ಎದ್ದು ಒಂದು ಸುತ್ತು ಹಾಕಿ ಬರುತ್ತಿದ್ದೇನೆ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಖುಷಿ.

ನಾನು ಓದಿದ್ದು ಐದನೇ ಕ್ಲಾಸು. ನಮ್ಮಪ್ಪ ಬೆಂಗಳೂರಿನ ಬಳೇಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದರು. ಗಾಜು ಒರೆಸುವುದು, ಅಂಟು ಕಾಯಿಸುವುದು, ಪಟ ಕತ್ತರಿಸುವುದು ನನ್ನ ಪಾಲಿನ ಕೆಲಸ. ಪಟ ಕಟ್ಟಿಗಿಂತ ದೊಡ್ಡದಿದ್ದರೆ ನಾವು ಯೋಚನೆಯನ್ನೇ ಮಾಡುತ್ತಿರಲಿಲ್ಲ, ಅಂಚು ಕತ್ತರಿಸುತ್ತಿದ್ದೆವು. ಪ್ರೆಸ್ಸಿನ ಹೆಸರು ಹೋಗುತ್ತದೆ, ದೇವರು ಉಳಿಯುತ್ತಾನೆ. ಮದುವೆಯಾಗಿ ಸಿಂಗಪುರಕ್ಕೆ ಬಂದೆ. ನಮ್ಮ ಯಜಮಾನರು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು, ಪಾಸಿರ್ ಪಂಜಾಂಗ್ ಬಂದರಿನಲ್ಲೇ ರಿಟೈರ್ ಆದರು. ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಹಗಲು ಕಳೆಯದೆ, ತಿಳಿದಿದ್ದ ಒಂದೇ ವಿದ್ಯೆಯನ್ನು ಹಿಡಿದು ಈ ಅಂಗಡಿಗೆ ಸೇರಿದೆ. ಮೊದಲ ದಿನವೇ ಈಗಿನ ಬಾಸ್‌ನ ತಂದೆ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ಹೇಳಿದ್ದರು: ಇಲ್ಲಿ ಬೋರ್ಡು ಕತ್ತರಿಸು, ಮರ ಕತ್ತರಿಸು, ಗಾಜು ಕತ್ತರಿಸು, ಗಿರಾಕಿ ತಂದ ಕಾಗದವನ್ನು ಮಾತ್ರ ಎಂದೂ ಕತ್ತರಿಸಬೇಡ.

ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಳೆಯ ಚಿತ್ರವನ್ನು ಗಾಜಿಗೆ ತಾಗಿಸಿ ಇಡುವಂತಿಲ್ಲ. ಹಿಂದೆ ಒಂದು ಬೋರ್ಡು, ಅದಕ್ಕೆ ಚಿತ್ರವನ್ನು ತೆಳ್ಳಗಿನ ಜಪಾನಿ ಕಾಗದದ ಎರಡು ಪಟ್ಟಿಗಳಿಂದ, ಗೋಧಿ ಗಂಜಿಯ ಅಂಟಿನಲ್ಲಿ, ಮೇಲ್ಗಡೆ ಮಾತ್ರ ಅಂಟಿಸುತ್ತೇವೆ. ಮುಂದೆ ಇನ್ನೊಂದು ದಪ್ಪ ಬೋರ್ಡು. ಅದರ ನಡುವೆ ಕಿಟಕಿಯಂತೆ ಚೌಕ ಕೊರೆದಿರುತ್ತೇವೆ. ಇದಕ್ಕೆ ಮೌಂಟ್ ಎನ್ನುತ್ತಾರೆ. ಕಿಟಕಿಯ ಅಂಚು ಚಿತ್ರದ ಕಾಗದವನ್ನು ಸುತ್ತಲೂ ಮೂರು ಮಿಲಿಮೀಟರ್ ಮುಚ್ಚಬೇಕು, ಕಾಗದ ಜಾರದ ಹಾಗೆ. ಮೂರು, ಹೆಚ್ಚೆಂದರೆ ನಾಲ್ಕು.

ಇನ್ನು ನನ್ನ ಮೊಮ್ಮಗಳು ಇಂಚರ. ಇಲ್ಲೇ ಹುಟ್ಟಿ ಬೆಳೆದವಳು, ಇಪ್ಪತ್ಮೂರು ವರ್ಷ. ಸೆರಂಗೂನಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾಳೆ. ಚಿತ್ರಕಲೆಯ ಇತಿಹಾಸ ಓದಿ ಪೇಟೆಯ ಒಂದು ಸಣ್ಣ ಗ್ಯಾಲರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವಳೇ ಓಡಾಡಿ ಒಪ್ಪಿಸಿ, ಒಬ್ಬ ಹಿರಿಯರ ಬಳಿ ಇದ್ದ ಐದು ಡಚ್ ಚಿತ್ರಗಳನ್ನು ಪ್ರದರ್ಶನಕ್ಕೆ ಎರವಲು ತಂದಿದ್ದಳು. ಹಿರಿಯರು ರಿಟೈರ್ ಆದ ಹಲ್ಲಿನ ಡಾಕ್ಟರು. ಚಿತ್ರಗಳು ಮುನ್ನೂರು ವರ್ಷಕ್ಕೂ ಹಳೆಯವು, ಕಂದು ಶಾಯಿಯಲ್ಲಿ ಬರೆದವು. ರಾಜರಿಲ್ಲ, ದೇವರಿಲ್ಲ, ಅಡುಗೆಮನೆ, ಹೆಂಡದಂಗಡಿ, ಊಟದ ಮೇಜು, ನಮ್ಮ ನಿಮ್ಮಂಥ ಜನ. ಪ್ರದರ್ಶನ ಚೆನ್ನಾಗಿ ನಡೆದರೆ ಕೆಲಸ ಕಾಯಂ. ಡಾಕ್ಟರು ಬೇಸರಪಟ್ಟು ಚಿತ್ರಗಳನ್ನು ವಾಪಸು ಒಯ್ದರೆ ಪ್ರದರ್ಶನವೂ ಇಲ್ಲ, ಕೆಲಸವೂ ಇಲ್ಲ.

ಆ ಸೋಮವಾರ ಅವಳೇ ಚಿತ್ರಗಳನ್ನು ನಮ್ಮ ಅಂಗಡಿಗೆ ತಂದಳು. "ಆಂಟಿ, ನಿಮ್ಮ ಮೊಮ್ಮಗಳು ಈಗ ನಮ್ಮ ಕಸ್ಟಮರ್ ಲಾ!" ಎಂದು ಬಾಸ್ ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿ ನಕ್ಕ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮರ ಕೊಯ್ಯುವವರಿಗೆ ಹೇಳಿದೆ, ಕೆಳಗಿನ ಕಾಫಿ ಅಂಗಡಿಯವಳಿಗೂ ಹೇಳಿದೆ.

ಮಂಗಳವಾರ ಐದನೇ ಚಿತ್ರ ನನ್ನ ಮೇಜಿಗೆ ಬಂತು. ಊಟದ ಮೇಜಿನ ಸುತ್ತ ಒಂದು ತುಂಬಿದ ಮನೆ. ಅಜ್ಜ ಹೊಟ್ಟೆ ಕುಲುಕಿಸಿ ನಗುತ್ತಾ ಮೊಮ್ಮಗುವಿನ ಬಾಯಿಗೆ ತನ್ನ ಹೊಗೆಸೊಪ್ಪಿನ ಕೊಳವೆ ಇಡುತ್ತಿದ್ದಾನೆ. ಅಜ್ಜಿ ಕನ್ನಡಕ ಹಾಕಿಕೊಂಡು ಹಾಡುತ್ತಿದ್ದಾಳೆ. ತಾಯಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ, ಮಗಳು ಅವಳ ಜೇಬಿಗೆ ಕೈ ಹಾಕಿದ್ದಾಳೆ. ಬೆಕ್ಕು ತಟ್ಟೆಯ ಮೀನು ತಿನ್ನುತ್ತಿದೆ. ಮೇಲೆ ನಮ್ಮ ಕಡೆಯ ನೆಲುವಿನಂತೆ ಒಂದು ಬುಟ್ಟಿ ತೂಗುತ್ತಿದೆ, ಅದರಲ್ಲಿ ಯಾರದೋ ಊರುಗೋಲು. ನನಗೆ ಕಣ್ಣು ತುಂಬಿ ಬಂತು. ನಾಮಕರಣದ ಊಟ ಮುಗಿದ ಮನೆಯ ಹಾಗಿದೆಯಲ್ಲ! ಪಾಪ, ತಾಯಿ ದಣಿದಿದ್ದಾಳೆ. ಮಕ್ಕಳು ಅಮ್ಮನ ಜೇಬು ತಡಕುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಉಂಡುಟ್ಟ ಮನೆ, ಬೆಕ್ಕಿಗೂ ಪಾಲು ಸಿಕ್ಕಿದೆ. ಎಷ್ಟು ಚೆಂದ ಬರೆದಿದ್ದಾನೆ ಪುಣ್ಯಾತ್ಮ ಅಂದುಕೊಂಡೆ.

ಆಮೇಲೆ ಎಡಗಡೆ ಅಂಚಿನಲ್ಲಿ ಕಂಡಿತು. ಕಡ್ಡಿಯ ಮೇಲೆ ಕೂತ ಒಂದು ಗೂಬೆ. ಅದರ ಮುಂದೆ ಹಚ್ಚಿದ ಮೇಣದ ಬತ್ತಿ, ಒಂದು ಕನ್ನಡಕ.

ನಗಬೇಡಿ. ಬಳೇಪೇಟೆಯಲ್ಲಿ ನಾವಿದ್ದ ವಠಾರದ ಒಂದು ಮನೆಯೊಳಗೆ ಗೂಬೆ ಬಂದು ಕೂತಿತೆಂದು ಅವರು ಮೂರು ತಿಂಗಳು ಬೀಗ ಹಾಕಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡವಳು ನಾನು. ಶಾಂತಿ ಮಾಡಿಸದೆ ಅವರು ಒಳಗೆ ಕಾಲಿಡಲಿಲ್ಲ. ಶುಕ್ರವಾರ ಸಂಜೆ ಇಂಚರ ಮೊದಲ ಸಲ ನಾಲ್ಕು ಜನರ ಮುಂದೆ ನಿಂತು ಮಾತಾಡಬೇಕು, ಅವಳ ತಲೆಯ ಹಿಂದೆ ಗೂಬೆಯೇ? ಅಂಚಿನಿಂದ ಅಳೆದೆ. ಇಪ್ಪತ್ತೆರಡು ಮಿಲಿಮೀಟರ್ ಮುಚ್ಚಿದರೆ ಗೂಬೆ, ಬತ್ತಿ, ಕನ್ನಡಕ ಮೂರೂ ಮಾಯ. ಕಾಗದ ಕತ್ತರಿಸುತ್ತಿಲ್ಲವಲ್ಲ, ಮುಚ್ಚುತ್ತಿದ್ದೇನೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ತಿಳಿಯದ ಹಾಗೆ ಚಿತ್ರವನ್ನು ಬೋರ್ಡಿನ ಮೇಲೆ ಎಡಕ್ಕೆ ಸರಿಸಿ ಅಂಟಿಸಿ, ಕಿಟಕಿಯನ್ನು ಸರಿಯಾಗಿ ನಡುವೆ ಕೊರೆದೆ. ನೋಡಿದವರಿಗೆ ಚಿತ್ರ ಮೊದಲಿನಿಂದಲೂ ಅಷ್ಟೇ ಇತ್ತೇನೋ ಅನ್ನಿಸಬೇಕು. ಗಾಜು ಕೂರಿಸಿ, ಹಿಂದೆ ಟೇಪು ಸುತ್ತಿ, ಮನಸ್ಸಿನಲ್ಲೇ ಕೈ ಮುಗಿದೆ.

ಬುಧವಾರ ಮಧ್ಯಾಹ್ನ ಗ್ಯಾಲರಿಯ ಗಾಡಿ ಬಂದು ಐದನ್ನೂ ಒಯ್ದಿತು. ಸಾಯಂಕಾಲ ನಾನೂ ಯಜಮಾನರೂ ಸೆರಂಗೂನಿಗೆ ಊಟಕ್ಕೆ ಹೋದೆವು. ಇಂಚರ ಹಾಲ್‌ನಲ್ಲಿ ನಿಂತು ಶುಕ್ರವಾರದ ಮಾತನ್ನು ಪ್ರಾಕ್ಟೀಸ್ ಮಾಡುತ್ತಿದ್ದಳು. ನನಗೋಸ್ಕರ ಕನ್ನಡದಲ್ಲಿ ಹೇಳತೊಡಗಿದಳು.

"ಅಜ್ಜಿ, ಲಾಸ್ಟ್ ಡ್ರಾಯಿಂಗ್ ನೋಡಿದ್ಯಲ್ಲ? ಹ್ಯಾಪಿ ಫ್ಯಾಮಿಲಿ ಥರ ಕಾಣುತ್ತೆ ಅಲ್ವಾ?"

"ಎಷ್ಟು ಮುದ್ದಾಗಿದೆ ಕಣೇ."

"ಅದೇ ಟ್ರಿಕ್! ಅವನು ಅವ್ರನ್ನ ಗೇಲಿ ಮಾಡ್ತಿದ್ದಾನೆ. ಅಜ್ಜ ಮಗೂಗೆ ಸ್ಮೋಕ್ ಮಾಡೋದು ಕಲಿಸ್ತಿದ್ದಾನೆ. ಅಮ್ಮ ಕುಡಿದು ಮಲಗಿದ್ದಾಳೆ, ಮಗಳು ಕದೀತಿದ್ದಾಳೆ. ದೊಡ್ಡೋರು ಏನು ಮಾಡ್ತಾರೋ ಮಕ್ಕಳು ಅದನ್ನೇ ಕಲೀತಾರೆ ಅಂತ. ಮೇಲೆ ಬುಟ್ಟಿಯಲ್ಲಿ ಊರುಗೋಲಿದ್ಯಲ್ಲ, ಅದು ಭಿಕ್ಷುಕರದ್ದು. ಈ ಮನೆಗೆ ಮುಂದೆ ಬರೋ ಗತಿ ಅದು. ತಲೆ ಮೇಲೇ ತೂಗ್ತಿದೆ, ಒಬ್ರೂ ನೋಡ್ತಿಲ್ಲ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಇದೆಲ್ಲ ಹೇಗೆ ಗೊತ್ತಾಗುತ್ತೆ ಅಂತ ಜನ ಕೇಳ್ತಾರೆ," ಅವಳು ಕೈ ಎತ್ತಿ ಗೋಡೆಯತ್ತ ತೋರಿಸಿದಳು. "ಆಗ ನಾನು ಹೇಳ್ತೀನಿ, ಲೆಫ್ಟ್ ಕಾರ್ನರ್ ನೋಡಿ, ಗೂಬೆ. ದೀಪ ಇದೆ, ಕನ್ನಡಕ ಇದೆ, ಆದ್ರೂ ಅದಕ್ಕೆ ನೋಡೋ ಮನಸ್ಸಿಲ್ಲ. ಈ ಮನೆಯವರೂ ಹಂಗೇ. ಗೂಬೆ ಇಲ್ದಿದ್ರೆ ಇದು ಬರೀ ಪಾರ್ಟಿ ಸೀನ್ ಅಜ್ಜಿ. ಗೂಬೆನೇ ನನ್ನ ಟಾಕ್‌ನ ಕ್ಲೈಮ್ಯಾಕ್ಸ್!"

"ನಾಳೆ ಆ ಡಾಕ್ಟರು ನೋಡೋಕೆ ಬರ್ತಾರಂತೆ," ಎಂದಳು ಮಗಳು ಅಡುಗೆಮನೆಯಿಂದ.

"ಹ್ಞೂ, ಹತ್ತು ಗಂಟೆಗೆ. ಅಜ್ಜಿ, ಯಾಕೆ ತಿಂತಿಲ್ಲ? ಸಾರು ಖಾರ ಆಯ್ತಾ?"

ಆಗಲೇ ಹೇಳಿಬಿಡಬೇಕಿತ್ತು. ಬಾಯಿಗೆ ಬಂದಿತ್ತು. ಅವಳ ಮುಖದಲ್ಲಿ ಆ ಬೆಳಕು ನೋಡಿ ನುಂಗಿಕೊಂಡೆ. ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ, ಕಂಬ ಹಿಡಿದು ನಿಂತೇ ಬಂದೆ. ಯಜಮಾನರಿಗೆ ಎಲ್ಲ ಹೇಳಿದೆ.

"ಕ್ರೇನ್‌ನಲ್ಲಿ ಕಂಟೇನರ್ ಡಬ್ಬ ತಪ್ಪು ಜಾಗಕ್ಕೆ ಇಳಿಸಿದ್ರೆ ಏನು ಮಾಡ್ತಿದ್ದೆ ಗೊತ್ತಾ?" ಎಂದರು.

"ಏನ್ರೀ?"

"ಇನ್ನೊಬ್ರು ನೋಡೋಕೆ ಮುಂಚೆ ನಾನೇ ರೇಡಿಯೋದಲ್ಲಿ ಕಿರುಚ್ತಿದ್ದೆ. ಫೋನ್ ಮಾಡೇ ಮಹಾರಾಯ್ತಿ."

ನಾನು ಮಾಡಲಿಲ್ಲ. ಬೆಳಿಗ್ಗೆ ಬೇಗ ಹೋಗಿ, ಹೊಸ ಮೌಂಟ್ ಕೊರೆದು, ಡಾಕ್ಟರು ಬರುವ ಮೊದಲೇ ಗ್ಯಾಲರಿಗೆ ಮುಟ್ಟಿ, ಸದ್ದಿಲ್ಲದೆ ಬದಲಿಸಿಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ಮುಚ್ಚುವ ಯೋಚನೆ ತಾನಾಗಿಯೇ ಬರುತ್ತದೆ.

ಗುರುವಾರ ಏಳೂವರೆಗೆ ಅಂಗಡಿಯ ಬಾಗಿಲು ತೆರೆದೆ. ಮೊದಲ ಬೋರ್ಡಿನಲ್ಲಿ ಬ್ಲೇಡು ಮೂಲೆ ದಾಟಿ ಹೋಯಿತು. ಇಪ್ಪತ್ತು ವರ್ಷದಲ್ಲಿ ನನ್ನ ಮೂಲೆ ಹಾಗೆ ಹರಿದದ್ದಿಲ್ಲ. ಎರಡನೆಯದು ಅಳತೆ ತಪ್ಪಿತು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಾಸ್ ಬಂದ. ನೆಲದ ಮೇಲಿದ್ದ ಎರಡು ಬೋರ್ಡು ನೋಡಿದ, ನನ್ನ ಮುಖ ನೋಡಿದ. ಎಲ್ಲ ಹೇಳಿದೆ. ಅವನು ಬೈಯಲಿಲ್ಲ.

"ಆಂಟಿ, ನನ್ನ ಅಪ್ಪ ಇದ್ದಿದ್ರೆ ನಿಮ್ಮನ್ನ ಇವತ್ತೇ ಮನೆಗೆ ಕಳಿಸ್ತಿದ್ರು," ಎಂದು ಇಂಗ್ಲಿಷಿನಲ್ಲಿ ಹೇಳಿ, ಒಳ್ಳೆಯ ಬೋರ್ಡು ತೆಗೆದು ಮೇಜಿನ ಮೇಲಿಟ್ಟ. "ಕೊರೆಯಿರಿ. ನಿಧಾನ."

ಕೊರೆಯುವಾಗ ಒಂದು ಸಂಗತಿ ಗೊತ್ತಾಯಿತು. ಚಿತ್ರವನ್ನು ನಾನೇ ಎಡಕ್ಕೆ ಸರಿಸಿ ಅಂಟಿಸಿದ್ದೆ. ಈಗ ಗೂಬೆ ಕಾಣುವಂತೆ ಕಿಟಕಿಯನ್ನು ಹಿಗ್ಗಿಸಿದರೆ ಎಡಗಡೆಯ ಅಂಚು ಸಣ್ಣದಾಗಿ, ಬಲಗಡೆ ಅಗಲವಾಗಿ ಸೊಟ್ಟಗೆ ಕಾಣುತ್ತದೆ. ಸರಿಮಾಡಬೇಕೆಂದರೆ ಅಂಟು ಬಿಡಿಸಬೇಕು. ಒಂದೇ ವಾರದಲ್ಲಿ ಎರಡು ಸಲ ಒದ್ದೆ ಮಾಡಿದರೆ ಹಳೆಯ ಕಾಗದಕ್ಕೆ ಕೇಡು. ಸದ್ದಿಲ್ಲದೆ ಬದಲಿಸುವ ದಾರಿ ಅಲ್ಲಿಗೇ ಮುಚ್ಚಿತು.

ಗ್ಯಾಲರಿ ಮುಟ್ಟಿದಾಗ ಹತ್ತಕ್ಕೆ ಹದಿನೈದು ನಿಮಿಷ. ಡಾಕ್ಟರು ಆಗಲೇ ಬಂದಿದ್ದರು. ಎಂಬತ್ತು ದಾಟಿದ ತೆಳ್ಳಗಿನ ಮನುಷ್ಯ. ಐದನೇ ಚಿತ್ರದ ಮುಂದೆ ಭೂತಗನ್ನಡಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಇಂಚರ. ಅವಳ ಮುಖದ ಬಣ್ಣವೇ ಹೋಗಿತ್ತು.

"ನನ್ನ ಗೂಬೆ ಎಲ್ಲಿ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ದನಿ ದೊಡ್ಡದಿರಲಿಲ್ಲ. "ಕತ್ತರಿಸಿದ್ದಾರಾ?"

"ಇಲ್ಲ ಡಾಕ್ಟರ್. ನಮ್ಮ ಫ್ರೇಮರ್ ಕಾಗದ ಕತ್ತರಿಸುವವರಲ್ಲ. ಅದಕ್ಕೆ ನಾನು ಗ್ಯಾರಂಟಿ," ಎಂದಳು ಇಂಚರ. ಏನಾಗಿದೆಯೆಂದು ಗೊತ್ತಿಲ್ಲದೆಯೇ ಹೇಳಿದಳು. ಆಮೇಲೆ ನನ್ನನ್ನು ನೋಡಿ, ಕನ್ನಡದಲ್ಲಿ, ಮೆಲ್ಲಗೆ: "ಅಜ್ಜಿ, ಗೂಬೆ ಎಲ್ಲಿ?"

"ಇದೆ ಮಗಳೇ. ಮೌಂಟಿನ ಕೆಳಗಿದೆ. ಮುಚ್ಚಿದ್ದು ನಾನೇ."

"ಬೈ ಮಿಸ್ಟೇಕ್ ಅಲ್ವಾ?"

"ಅಲ್ಲ."

ಅವಳು ಮೇಜೊಂದನ್ನು ಖಾಲಿ ಮಾಡಿ ಬಿಳಿ ಬಟ್ಟೆ ಹಾಸಿದಳು. ನಾನು ಕೈ ತೊಳೆದು, ಒರೆಸಿ, ಫ್ರೇಮನ್ನು ಅದರ ಮೇಲೆ ಬೋರಲು ಹಾಕಿದೆ. ಹಿಂದಿನ ಟೇಪು ಬಿಡಿಸಿದೆ, ಮೊಳೆಗಳನ್ನು ಒಂದೊಂದಾಗಿ ಮೇಲೆತ್ತಿದೆ. ಒಂದು ಮೊಳೆ ಕೈಜಾರಿ ನೆಲಕ್ಕೆ ಬಿದ್ದ ಸದ್ದಿಗೆ ಮೂವರೂ ಬೆಚ್ಚಿದೆವು. ಮೌಂಟ್ ಎತ್ತಿದೆ. ಗೂಬೆ ಅಲ್ಲೇ ಇತ್ತು. ಬತ್ತಿ ಇತ್ತು. ಕನ್ನಡಕ ಇತ್ತು. ಡಾಕ್ಟರು ಭೂತಗನ್ನಡಿಯನ್ನು ಎಡ ಅಂಚಿನ ಉದ್ದಕ್ಕೂ ಒಂದು ಸಲ ಮೇಲೆ, ಒಂದು ಸಲ ಕೆಳಗೆ ನಡೆಸಿ ಉಸಿರು ಬಿಟ್ಟರು.

"ಯಾಕೆ?" ಎಂದು ನನ್ನನ್ನೇ ಕೇಳಿದರು.

ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಕಡೆ ಗೂಬೆ ಮನೆಗೆ ಬಂದರೆ ಜನ ಮನೆ ಬಿಟ್ಟು ಹೋಗುತ್ತಾರೆ. ನಾಳೆ ಇವಳು ಈ ಚಿತ್ರದ ಮುಂದೆ ನಿಲ್ಲುತ್ತಾಳೆ. ಇವಳು ನನ್ನ ಮೊಮ್ಮಗಳು.

ಅವರು ಮತ್ತೆ ಗೂಬೆಯತ್ತ ಬಾಗಿದರು. "ನಲವತ್ತು ವರ್ಷದಿಂದ ಇದು ನನ್ನ ಮನೆಯಲ್ಲಿದೆ," ಎಂದರು. "ಬಂದವರೆಲ್ಲ ಕ್ಯೂಟ್ ಅಂತಾರೆ. ಇದನ್ನು ಬರೆದವನು ಜನ ಬೆಚ್ಚಲಿ ಅಂತ ಬರೆದ. ಬೆಚ್ಚಿದ್ದು ನೀವೊಬ್ಬರೇ."

ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರ ಮುಖ ಮತ್ತೆ ಬಿಗಿಯಾಯಿತು. ಇಂಚರಳತ್ತ ತಿರುಗಿದರು. "ಆದರೆ ನಾನು ಚಿತ್ರ ಕೊಟ್ಟದ್ದು ಗ್ಯಾಲರಿಗೆ, ಒಂದು ಕುಟುಂಬಕ್ಕಲ್ಲ. ಕಟ್ಟು ಹಾಕುವವರು ನಿನ್ನ ಅಜ್ಜಿ ಎಂದು ನೀನು ಹೇಳಿರಲಿಲ್ಲ."

"ಹೇಳಬೇಕಿತ್ತು. ತಪ್ಪು ನನ್ನದು," ಎಂದಳು ಅವಳು.

ಹೊಸ ಮೌಂಟ್ ಹಾಕಿ ಫ್ರೇಮ್ ಮುಚ್ಚಿದೆ. ಎಡಗಡೆ ಸಣ್ಣ ಅಂಚು, ಬಲಗಡೆ ದೊಡ್ಡದು. ಸೊಟ್ಟ ಎದ್ದು ಕಾಣುತ್ತಿತ್ತು. ಅದನ್ನೂ ನಾನೇ ತೋರಿಸಿ, ಯಾಕೆ ಹಾಗಾಯಿತೆಂದು ಹೇಳಿದೆ. ಎರವಲು ಬಂದ ಪ್ರತಿ ಚಿತ್ರಕ್ಕೂ ಒಂದು ಹಾಳೆ ಇರುತ್ತದೆ, ಕಂಡಿಷನ್ ರಿಪೋರ್ಟ್ ಎನ್ನುತ್ತಾರೆ. ಎಲ್ಲಿ ಹರಿದಿದೆ, ಎಲ್ಲಿ ಕಲೆಯಿದೆ, ಫ್ರೇಮನ್ನು ಯಾವಾಗ ಯಾಕೆ ತೆರೆದರು, ಎಲ್ಲ ಅದರಲ್ಲಿ ಬರೆಯಬೇಕು. ಅದು ಗ್ಯಾಲರಿಯವರ ಕೈಗೂ ಹೋಗುತ್ತದೆ, ಮಾಲೀಕರ ಕೈಗೂ ಹೋಗುತ್ತದೆ. ಇಂಚರ ಹಾಳೆ ತೆಗೆದಳು.

ಡಾಕ್ಟರು ಕೈ ಅಡ್ಡ ಹಿಡಿದರು. "ಬೇಡ ಬಿಡು. ಚಿತ್ರಕ್ಕೆ ಏನೂ ಆಗಿಲ್ಲ. ನಿಮ್ಮ ಮ್ಯಾನೇಜರಿಗೆ ಯಾಕೆ ಗೊತ್ತಾಗಬೇಕು?"

ನನ್ನ ಮನಸ್ಸು ಹೌದು ಹೌದು ಎಂದು ಕುಣಿಯಿತು. ಇಂಚರ ಒಂದು ಗಳಿಗೆ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು.

"ಫ್ರೇಮ್ ಓಪನ್ ಆಗಿದೆ ಡಾಕ್ಟರ್. ಬರೆಯಲೇಬೇಕು," ಎಂದು ಪೆನ್ಸಿಲ್ ಹಿಡಿದಳು. ಬರೆದು ಮುಗಿಸಿ, ನನಗೆ ಅರ್ಥವಾಗಲೆಂದು ಕನ್ನಡದಲ್ಲಿ ಓದಿ ಹೇಳಿದಳು. "ಫ್ರೇಮ್ ಮಾಡಿದೋರು ಯಾರನ್ನೂ ಕೇಳದೆ ಲೆಫ್ಟ್ ಸೈಡ್ ಇಪ್ಪತ್ತೆರಡು ಮಿಲಿಮೀಟರ್ ಮುಚ್ಚಿದ್ರು. ಓನರ್ ಎದುರಿಗೆ ಓಪನ್ ಮಾಡಿ ಸರಿಮಾಡಿದ್ದಾರೆ. ಪೇಪರ್‌ಗೆ ಡ್ಯಾಮೇಜ್ ಇಲ್ಲ. ಫ್ರೇಮ್ ಮಾಡಿದೋರು ನನ್ನ ಅಜ್ಜಿ. ಈ ಅಂಗಡಿ ರೆಕಮೆಂಡ್ ಮಾಡಿದ್ದು ನಾನು. ಸಂಬಂಧ ಮುಂಚೆನೇ ಹೇಳಿರಲಿಲ್ಲ." ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿದಳು. "ಸೈನ್ ಮಾಡು ಅಜ್ಜಿ."

ಡಾಕ್ಟರು ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಓದಿ ಭೂತಗನ್ನಡಿಯನ್ನು ಜೇಬಿಗಿಟ್ಟುಕೊಂಡರು. "ನಾಳೆ ಎಷ್ಟು ಗಂಟೆಗೆ ನಿನ್ನ ಮಾತು?" ಎಂದು ಇಂಚರಳನ್ನು ಕೇಳಿದರು.

"ಏಳಕ್ಕೆ."

"ನಾನು ಆರೂವರೆಗೆ ಬರುತ್ತೇನೆ."

ನಾನು ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಕೊಟ್ಟ ಗೆರೆ ಸಾಲದೆ ಆಚೆಗೂ ಹೋಯಿತು. ಹೊರಗೆ ಬಂದವಳೇ ಫುಟ್‌ಪಾತಿನಲ್ಲೇ ನಿಂತು ಮನೆಗೆ ಫೋನ್ ಮಾಡಿದೆ.

"ಏನಾಯ್ತೇ?" ಎಂದರು ಯಜಮಾನರು.

"ರೀ, ನಿಮ್ಮ ಮೊಮ್ಮಗಳು ನನ್ನ ಮೇಲೆ ರಿಪೋರ್ಟ್ ಬರೆದುಬಿಟ್ಟಳು ಕಣ್ರೀ! ಸೈನೂ ಹಾಕಿಸ್ಕೊಂಡಳು!"

"ಮತ್ತೆ ಅದಕ್ಯಾಕೆ ಹಿಂಗೆ ಕುಣೀತಿದ್ದೀಯಾ?"

ನಾನು ಮುಚ್ಚಿದ್ದೆ, ಅವಳು ಮುಚ್ಚಲಿಲ್ಲ; ಆ ಖುಷಿಯನ್ನು ಫೋನಿನಲ್ಲಿ ಬಿಡಿಸಿ ಹೇಳಲು ಬರಲಿಲ್ಲ. ಕಟ್ಟು ಹಾಕುವ ಕೆಲಸ ನನಗೆ ಕಲಿಸಿದ ಕೊನೆಯ ಪಾಠ ಅದು, ಅದೂ ಮೊಮ್ಮಗಳ ಕೈಯಿಂದ. ಅಂಚಿನಲ್ಲಿ ನಮಗೆ ಹಿಡಿಸದ್ದು ಕಂಡರೆ ಬ್ಲೇಡು ಕೆಳಗಿಟ್ಟು ಕೇಳಬೇಕು. ಏನು ಕಾಣಬೇಕು, ಏನು ಕಾಣಬಾರದು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ, ಎಷ್ಟೇ ಪ್ರೀತಿಯಿದ್ದರೂ. ಮಾರನೆಯ ಸಂಜೆ ಅವಳು ಆ ಸೊಟ್ಟ ಚಿತ್ರದ ಪಕ್ಕದಲ್ಲೇ ನೆಟ್ಟಗೆ ನಿಂತು ಮಾತಾಡಿದಳು. ಗೂಬೆ ಅವಳ ಭುಜಕ್ಕೆ ಸರಿಯಾಗಿ ಇತ್ತು. ನನಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು. ಒಂದು ಗಳಿಗೆಯೂ ಕೂರಲಾಗಲಿಲ್ಲ ನನಗೆ.